ಮೆಟ್ಟಿಲ ಮೇಲಿನ ಕಸ್ಟಮ್ಸ್ ನಾಕಾ

ಕಾಕಾ ತೀರಿಕೊಂಡ ಮೇಲೆ ನಮ್ಮ ಓಣಿಯಲ್ಲಿ ನಳದ ನೀರು ಬಂದದ್ದೇ ತಿಳಿಯದಂತಾಗಿದೆ. ಸೊಲ್ಲಾಪುರದಲ್ಲಿ ನೀರು ದಿನಾ ಬರುವುದಿಲ್ಲ, ಬಂದ ದಿನವೇ ಹಬ್ಬ. ಕಾಕಾ ಇರುವ ತನಕ ನೀರು ಬಂದ ಕೂಡಲೇ ಮಾಳಿಗೆಯ ಮೇಲಿಂದ, ಸದಾ ಅವರ ಕೊರಳಲ್ಲಿರುತ್ತಿದ್ದ ಸೀಟಿಯ ಉದ್ದನೆಯ ಸದ್ದು ಕೇಳುತ್ತಿತ್ತು. ಅದರ ಹಿಂದೆಯೇ ಒಂದು ಕೂಗು: "ಭರತಿ ಬಂತೂ! ಎಲ್ಲಾರೂ ಡೆಕ್ಕಿಗಿ ಬರ್ರೀ!"

ಡೆಕ್ಕು ಅಂದರೆ ನಮ್ಮ ಅಂಗಳ. ಭರತಿ ಅಂದರೆ, ಕೆಮ್ಮಿ ಕೆಮ್ಮಿ ಬರುವ, ಮೊದಲ ಒಂದೆರಡು ಕೊಡ ಚಹಾದ ಬಣ್ಣವೇ ಇರುವ ನಮ್ಮ ನಳದ ನೀರು. ಸಮುದ್ರದ ಉಬ್ಬರಕ್ಕೆ ಇಡುವ ಹೆಸರನ್ನು ಈ ನೀರಿಗೆ ಇಡುವುದಕ್ಕೆ ಮನುಷ್ಯನಿಗೆ ಒಂದು ಧೈರ್ಯ ಬೇಕು. ಕಾಕಾನಿಗೆ ಅದು ಧಾರಾಳವಾಗಿತ್ತು.

ನನ್ನದು ಚಾದರ, ಟವೆಲ್ಲುಗಳ ಅಂಗಡಿ. ಅಪ್ಪ ಇಟ್ಟದ್ದು, ಈಗ ನಾನು ನಡೆಸುತ್ತೇನೆ. ಅಂಗಡಿಯ ಮೇಲಿನ ಮನೆಯಲ್ಲಿ ಕಾಕಾ, ಅವರ ಹೆಂಡತಿ ಕಾಕು ಇಬ್ಬರೇ ಇದ್ದರು. ಸಂಬಂಧದಲ್ಲಿ ಅವರು ನನಗೆ ಏನೂ ಆಗಬೇಕಿಲ್ಲ. ಆದರೆ ಅವರ ಮೆಟ್ಟಿಲು ನಾನು ಹಣ ಎಣಿಸಲು ಕೂರುವ ಗಲ್ಲೆಯ ಪಕ್ಕದಿಂದಲೇ ಹತ್ತುತ್ತದೆ. ಹಾಗಾಗಿ ಮೇಲೆ ಹೋಗುವ ಪ್ರತಿ ಚೀಲ, ಕೆಳಗೆ ಬರುವ ಪ್ರತಿ ಜಗಳ ನನ್ನ ಕಣ್ಣೆದುರೇ ಹಾಯಬೇಕು. ಗಿರಾಕಿಗಳಿಗೆ ಇದು ಪುಕ್ಕಟೆ ನಾಟಕ. ವ್ಯಾಪಾರ ಮಾಡುವವಳಿಗೆ ತಲೆನೋವು.

ಕಾಕಾ ಕಸ್ಟಮ್ಸ್‌ನಲ್ಲಿ ಹವಾಲ್ದಾರರಾಗಿದ್ದವರು. ಮುಂಬಯಿ, ಕೊಂಕಣದ ಕಡೆ ಸಮುದ್ರದಲ್ಲಿ ಕಳ್ಳಸಾಗಣೆ ತಡೆಯಲು ತಿರುಗುವ ಒಂದು ಜಹಾಜಿನ ಮೇಲೆ ಅವರ ನೌಕರಿಯ ಬಹುಪಾಲು ಕಳೆದಿತ್ತು. ಆ ಜಹಾಜು ಮೊದಲು ನೌಕಾದಳದ್ದು. ಅಲ್ಲಿ ವಯಸ್ಸಾದ ಮೇಲೆ ಅದರ ತೋಪು ಬಿಚ್ಚಿ, ಬೂದು ಬಣ್ಣದ ಮೇಲೆ ಬಿಳಿ ಬಣ್ಣ ಬಳಿದು, ಕಸ್ಟಮ್ಸಿಗೆ ಕೊಟ್ಟಿದ್ದರಂತೆ. ಇಷ್ಟರಿಂದಲೇ ಕಾಕಾ ತಮ್ಮನ್ನು ನೌಕಾದಳದವರೆಂದು ತಿಳಿದಿದ್ದರು.

"ಕಾಕಾ, ನೇವಿಯಲ್ಲಿ ಇದ್ದದ್ದು ಜಹಾಜು. ನೀವಲ್ಲ," ಎಂದು ನಾನು ಒಮ್ಮೆ ಹೇಳಿದೆ.

"ಅವ್ವಾ, ಜಹಾಜ ನೇವೀದು. ಹೌದಿಲ್ಲೋ? ನಾ ಜಹಾಜಿನಾಂವ. ಹೌದಿಲ್ಲೋ? ಅಂದಮ್ಯಾಲ ನಾ ಯಾರಾಂವ? ನೀನ ಹೇಳು."



ನಾನು ಚಾದರ ಮಾರುವವಳು. ಉದ್ದ ಅಗಲ ಹೇಳಿದರೆ ವಸ್ತು ಕಣ್ಣಿಗೆ ಕಟ್ಟುತ್ತದೆ. "ಜಹಾಜು ಎಷ್ಟು ದೊಡ್ಡದಿತ್ತು?" ಎಂದು ಕೇಳಿದರೆ ಕಾಕಾ ಅಂಗಡಿಯ ಕಟ್ಟೆಯ ಮೇಲೆ ನಿಂತು ಕೈ ಚಾಚುತ್ತಿದ್ದರು. "ಇಲ್ಲಿಂದ ಹಿಡಿ. ಆ ಬೇವಿನ ಗಿಡಾ ದಾಟು. ಹಿಟ್ಟಿನ ಗಿರಣಿ ದಾಟು. ಹಾಂ, ಆ ಮುದುಕಿ ಕಾಯಿಪಲ್ಯಾ ಇಟಗೊಂಡು ಕುಂತಾಳಲ್ಲ, ಅಲ್ಲಿಗಿ ಬಾಲ." ಆ ಮುದುಕಿ ದಿನಕ್ಕೊಂದು ಜಾಗದಲ್ಲಿ ಕೂರುವವಳು. ಹೀಗಾಗಿ ಜಹಾಜು ಒಂದೊಂದು ದಿನ ಒಂದೊಂದು ಅಳತೆಯದಾಗುತ್ತಿತ್ತು.

ಆ ಜಹಾಜಿಗೆ ಒಂದು ದೋಷವಿತ್ತು. ಅದರ ಇಂಜಿನ್ನಿನ ಸದ್ದು. ಯುದ್ಧಕ್ಕೆಂದು ಕಟ್ಟಿದ್ದು, ಮೆಲ್ಲಗೆ ಮಾತಾಡಿ ಗೊತ್ತಿರಲಿಲ್ಲ. ದಂಡೆಯ ಊರುಗಳಲ್ಲಿ ಅದು ಬರುವುದಕ್ಕೆ ಬಹಳ ಮೊದಲೇ ನಾಯಿಗಳು ಬೊಗಳಲು ಶುರುಮಾಡುತ್ತಿದ್ದವಂತೆ. ಕಳ್ಳಮಾಲಿನ ದೋಣಿಯವರು ಸದ್ದು ಕೇಳಿ ದಿಕ್ಕು ಬದಲಿಸಿ ಓಡುತ್ತಿದ್ದರು. ಓಡುವ ದಿಕ್ಕಿನಲ್ಲಿ ಕಸ್ಟಮ್ಸಿನವರದ್ದೇ ಸಣ್ಣ ಚುರುಕು ದೋಣಿಗಳು ಬಾಯಿ ಮುಚ್ಚಿಕೊಂಡು ಕಾಯುತ್ತಿದ್ದವು. ಹಿಡಿಯುವುದು ಅವುಗಳ ಕೆಲಸ.

"ಕುಂಭಾರಿ ಕಡೆ ಹೊಲದಾಗ ಜ್ವಾಳಾ ಹಾಲಗಾಳ ಆದಾಗ ತಗಡಿನ ಡಬ್ಬಿ ಬಡದು ಹಕ್ಕಿ ಎಬ್ಬಸತಾರಲ್ಲ, ಹಂಗ," ಎನ್ನುತ್ತಿದ್ದರು ಕಾಕಾ. "ನಾವು ಬಡ್ಯಾವ್ರು. ಹಿಡಿಯಾವ್ರು ಬ್ಯಾರೆ."   ಇಷ್ಟು ವರ್ಷ ಕಳ್ಳರ ಬೆನ್ನು ಹತ್ತಿ, ತಮ್ಮ ಕೈಯಾರೆ ಒಂದು ಕಳ್ಳಮಾಲನ್ನೂ ಹಿಡಿಯಲಿಲ್ಲವೆಂಬ ನೋವು ಅವರಿಗಿತ್ತು. ಆ ಜಹಾಜಿನ ಮೇಲೆ ಎಂದೂ ಒಂದು ಮಾಲೂ ಸಿಗಲಿಲ್ಲ.

ಒಂದೇ ಒಂದು ಸಲ ಸಿಕ್ಕಂತಾಗಿತ್ತು. ಒಂದು ಸಂಜೆ ಖಾಡಿಯ ಬಾಯಲ್ಲಿ, ಅಂದರೆ ಸಮುದ್ರದ ನೀರು ಒಳಗೆ ನುಗ್ಗುವಲ್ಲಿ, ಒಂದು ದೋಣಿ ನೀರಿಗೆ ಅಂಚು ತಾಗುವಷ್ಟು ಭಾರ ಹೊತ್ತು ಹೊರಟಿತ್ತು. ಮೇಲೆ ಕೆಂಪು ಬಟ್ಟೆ ಹೊದಿಸಿತ್ತು. ಜಹಾಜು ಭೋಂಗಾ ಊದಿ ಅಡ್ಡ ಹೋಯಿತು. ಕಾಕಾ ಜಿಗಿದು ಬಟ್ಟೆ ಎಳೆದರು. ಕೆಳಗೆ ಕೂತಿದ್ದವನು ಮದುಮಗ. ಆಚೆ ದಂಡೆಗೆ ಹೊರಟ ಮದುವೆಯ ದಿಬ್ಬಣ ಅದು.

ಆದರೂ ಕಾಕಾ ಬಿಡಲಿಲ್ಲ. ಅಕ್ಕಿಯ ಚೀಲಕ್ಕೆ ಕೈ ಹಾಕಿದರು, ತೆಂಗಿನಕಾಯಿ ಅಲ್ಲಾಡಿಸಿದರು, ಮದುಮಗನ ಮುಂಡಾಸ ಬಿಚ್ಚಿಸಿ ಝಾಡಿಸಿದರು. ಅದರಿಂದ ಒಂದು ಬಾಚಣಿಗೆ ಬಿತ್ತು. ಇಷ್ಟರಲ್ಲಿ ಹೆದರಿಕೆಗೋ ಏನೋ ದೋಣಿಯ ಇಂಜಿನ್ನು ನಿಂತುಬಿಟ್ಟಿತು. ಮುಹೂರ್ತ ಮೀರುತ್ತದೆಂದು ಹೆಂಗಸರು ಅಳಲು ಹತ್ತಿದರು. ಜಹಾಜಿನ ಸಾಹೇಬರು ಬೇರೆ ದಾರಿ ಕಾಣದೆ ದಿಬ್ಬಣವನ್ನೆಲ್ಲ ಜಹಾಜಿಗೆ ಹತ್ತಿಸಿಕೊಂಡರು. ಮುಂದಿನ ಡೆಕ್ಕಿನಲ್ಲಿ, ಮೊದಲು ತೋಪು ಇದ್ದ ಜಾಗದಲ್ಲಿ ಒಂದು ದೊಡ್ಡ ಸರ್ಚ್‌ಲೈಟ್ ಇತ್ತು. ಅದರ ಪಕ್ಕ ಮದುಮಗನನ್ನು ನಿಲ್ಲಿಸಿ, ಲೈಟು ಹಚ್ಚಿ, ಭೋಂಗಾ ಊದುತ್ತ ಆಚೆ ದಂಡೆಗೆ ಹೋದರು. ಯುದ್ಧದ ಜಹಾಜು ಬರುವುದನ್ನು ಕಂಡ ಬೀಗರು ಬಾಗಿಲು ಹಾಕಿಕೊಂಡರಂತೆ.

"ಆಮ್ಯಾಲ ತೆರದ್ರು," ಎನ್ನುತ್ತಿದ್ದರು ಕಾಕಾ. "ಉಂಡೇ ಬಂದ್ವಿ."

ಈಗ ಕಾಕುವಿನ ವಿಷಯ. ಅಕ್ಕಲಕೋಟ ತಾಲೂಕಿನ ಕುರನೂರ ಅವರ ತವರು. ದೊಡ್ಡ ನೀರೆಂದು ಅವರು ಕಂಡದ್ದು ತಮ್ಮೂರ ಧರಣವನ್ನು, ಅಂದರೆ ಅಣೆಕಟ್ಟನ್ನು ಮಾತ್ರ. ಸಮುದ್ರ ತೋರಿಸುತ್ತೇನೆಂದು ಕಾಕಾ ಮದುವೆಯಾದಂದಿನಿಂದ ಹೇಳುತ್ತಲೇ ಬಂದಿದ್ದರು. ಕಾಕುವಿನ ಮಾತು ಕಡಿಮೆ. ಶೇಂಗಾ ಹೋಳಿಗೆ ಮಾಡುವುದರಲ್ಲಿ ನಮ್ಮ ಓಣಿಯಲ್ಲಿ ಅವರ ಸರಿ ಯಾರೂ ಇಲ್ಲ. ಮುರಿದರೆ ಚಟ್ ಅನ್ನಬೇಕು, ಬಾಯಲ್ಲಿಟ್ಟರೆ ಇಲ್ಲವಾಗಬೇಕು. ಕಾಕಾನಿಗೆ ಆ ಹೋಳಿಗೆಯೆಂದರೆ ಜೀವ.

ಆ ಹೋಳಿಗೆಯ ಸುತ್ತ ಒಂದು ಹಳೆಯ ಗಾಯವಿತ್ತು. ಹೊಸದಾಗಿ ಮದುವೆಯಾದಾಗ ಕಾಕಾ ಮೊದಲ ಬಾರಿ ಜಹಾಜಿನ ಡ್ಯೂಟಿಗೆ ಹೊರಟರು. ಕಾಕುವಿನ ತಾಯಿ ಹಿತ್ತಾಳೆಯ ಡಬ್ಬಿಯೊಂದರಲ್ಲಿ ಶೇಂಗಾ ಹೋಳಿಗೆ ತುಂಬಿ ಕಳಿಸಿದರು. ಡಬ್ಬಿಯ ಮೇಲೆ ಆ ತಾಯಿಯ ಹೆಸರು, ಕೆಳಗೆ "ಕುರನೂರ" ಎಂದು ಕೊರೆಸಿತ್ತು. ರಜೆಗೆ ಬಂದಾಗ ಕಾಕಾ ಬರಿಗೈಯಲ್ಲಿ ಬಂದರು. ಕಳ್ಳರ ದೋಣಿಯ ಮೇಲೆ ಹೊಡೆದಾಟವಾಯಿತು, ಡಬ್ಬಿ ಸಮುದ್ರಕ್ಕೆ ಬಿತ್ತು, ಎಂದರು. ಅದೇ ವರ್ಷ ಆ ತಾಯಿ ತೀರಿಕೊಂಡರು. ತವರಿನ ಪಾತ್ರೆಗಳು ಅಣ್ಣಂದಿರ ಮನೆ ಸೇರಿದವು. ಕಾಕುವಿನ ಪಾಲಿಗೆ ತಾಯಿಯ ಕೈಯದೆಂದು ಉಳಿಯಬಹುದಾಗಿದ್ದದ್ದು ಆ ಡಬ್ಬಿ ಒಂದೇ.

ಕಾಕಾ ಆ ಹೊಡೆದಾಟವನ್ನು ಗಿರಾಕಿಗಳೆದುರು ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ. ಹೇಳಿದಷ್ಟೂ ಕಳ್ಳರ ಸಂಖ್ಯೆ ಏರುತ್ತಿತ್ತು. ನಾನು ಗಲ್ಲೆಯ ಮೇಲೆ ಕೂತ ಹೊಸದರಲ್ಲಿ ನಾಲ್ವರಿದ್ದರು. ಕೊನೆಗೆ ಹನ್ನೆರಡು ಮಂದಿ, ಎಲ್ಲರ ಕೈಯಲ್ಲೂ ಕತ್ತಿ. ಕಾಕು ಮೆಟ್ಟಿಲ ಮೇಲೆ ಕೂತು ಶೇಂಗಾ ಹಸನು ಮಾಡುತ್ತ ಎಲ್ಲ ಕೇಳಿ, ಕೊನೆಗೆ ಒಂದೇ ಪ್ರಶ್ನೆ ಹಾಕುತ್ತಿದ್ದರು.

"ಹೊಡದಾಡಾಕ ಹೋಗುಮುಂದ ಡಬ್ಬಿ ಯಾಕ ಒಯ್ದಿದ್ರಿ?"

"ಹಸಿವ್ಯಾಗಿತ್ತು."

ಗಿರಾಕಿಗಳು ನಗುತ್ತಿದ್ದರು. ಕಾಕು ಮಾತ್ರ ನಗುತ್ತಿರಲಿಲ್ಲ.

ಕಾಕಾನಿಗೆ ಸಕ್ಕರೆ ಕಾಯಿಲೆ ಶುರುವಾದ ಮೇಲೆ ನಮ್ಮ ಮೆಟ್ಟಿಲಿನ ರಾಜಕೀಯವೇ ಬದಲಾಯಿತು. ಸಿಹಿ ಬಂದ್ ಎಂದರು ಡಾಕ್ಟರು. ಕಾಕು ಮೆಟ್ಟಿಲ ತುದಿಯಲ್ಲಿ ಮಣೆ ಹಾಕಿ ಕೂತರು. ಹೊರಗಿಂದ ಬಂದ ಗಂಡನ ಝಡತಿ, ಅಂದರೆ ಮೈ-ಕಿಸೆಗಳ ತಪಾಸಣೆ, ಆಗದೆ ಒಳಗೆ ಪ್ರವೇಶವಿಲ್ಲ. ಇಲ್ಲೊಂದು ತಮಾಷೆಯಿದೆ. ಬೂಟಿನ ಹಿಮ್ಮಡಿಯಲ್ಲಿ ಏನಿಡುತ್ತಾರೆ, ಎರಡು ತಳದ ಡಬ್ಬಿ ಹೇಗಿರುತ್ತದೆ, ಬಾಳೆಗೊನೆಯೊಳಗೆ ಗಡಿಯಾರ ಹೇಗೆ ಹುಗಿಯುತ್ತಾರೆ, ಎಲ್ಲವನ್ನೂ ಕಾಕಾ ತಾವೇ ವರ್ಷಗಟ್ಟಲೆ ಊಟಕ್ಕೆ ಕೂತಾಗ ಹೇಳಿದ್ದರು. ಕಾಕು ರೊಟ್ಟಿ ಬಡಿಯುತ್ತ "ಹೂಂ, ಹೂಂ" ಅಂದಿದ್ದರು. ಒಂದೂ ಮರೆತಿರಲಿಲ್ಲ.

"ನಿಲ್ರಿ. ಟೋಪಿ ತಗೀರಿ."

"ಏ, ಟೋಪಿಗಿ ಕೈ ಹಚಬ್ಯಾಡ. ಅದು ಸರಕಾರೀದು."

"ಸರಕಾರಿ ಟೋಪಿಗಿ ಇರಬಿ ಯಾಕ ಹತ್ಯಾವು?"

ನಿಜಕ್ಕೂ ಇರುವೆಗಳ ಸಾಲೊಂದು ಕಾಕಾನ ಹಣೆಯ ಮೇಲಿಂದ ಇಳಿದು ಹುಬ್ಬಿನ ಹತ್ತಿರ ದಾರಿ ಹುಡುಕುತ್ತಿತ್ತು. ಟೋಪಿಯೊಳಗೆ ಹೋಳಿಗೆ ಇತ್ತು. ಮನೆಯಲ್ಲಿ ಮಾಡುವುದು ನಿಂತಿದ್ದರಿಂದ ಕಾಕಾ ಪೇಟೆಯಿಂದ ತರುತ್ತಿದ್ದರು. ಇನ್ನೊಮ್ಮೆ ಮಡಚಿದ ಕೊಡೆಯಲ್ಲಿ ತಂದರು. ಅಂದೇ ಹನಿ ಬೀಳಬೇಕೇ? ಪಕ್ಕದಲ್ಲಿದ್ದ ಹೆಂಗಸು "ಕೊಡಿ ಬಿಚ್ರಿ, ಕಾಕಾ" ಎಂದಳು. ಕಾಕಾ ಬಿಚ್ಚಲಿಲ್ಲ. ಕೊಡೆ ಕಂಕುಳಲ್ಲಿಟ್ಟುಕೊಂಡು ತೊಯ್ಸಿಕೊಂಡೇ ಬಂದರು. ತೊಯ್ದ ಗಂಡ, ಬಿಚ್ಚದ ಕೊಡೆ. ಕಾಕುವಿಗೆ ಅಷ್ಟೇ ಸಾಕಾಯಿತು.

ನನ್ನ ಅಂಗಡಿಯನ್ನೂ ಬಿಡಲಿಲ್ಲ ಈ ಮನುಷ್ಯ. ಒಂದು ದಿನ ಬಂದು ಡಬಲ್ ಚಾದರ ಕೊಂಡರು. ನೆಂಟರು ಬರುತ್ತಾರೆ ಎಂದರು. ನಾನು ಬೇರೆ ಗಿರಾಕಿಗೆ ಟವೆಲ್ ತೋರಿಸುತ್ತಿದ್ದೆ. ಆ ಹೊತ್ತಿಗೆ ಚಾದರದ ಮಡಿಕೆಗಳಲ್ಲಿ ಹೋಳಿಗೆ ಸೇರಿಸಿ, ನೀಟಾಗಿ ಹೊತ್ತು ಮೇಲೆ ಹೋದರು. ಕಾಕು ಚಾದರ ಇಸಿದುಕೊಂಡರು. "ಭಾಳ ಚಲೋ ಐತಿ. ಬಣ್ಣಾ ಬೆಳಕಿನ್ಯಾಗ ನೋಡೋಣು," ಎಂದು ಚಾದರವನ್ನು ಮಾಳಿಗೆಯ ಅಂಚಿಗೆ ಒಯ್ದು, ಬೀದಿಯ ಕಡೆ ಒಂದೇ ಸಲ ಝಾಡಿಸಿದರು. ಹೋಳಿಗೆಗಳು ಹಾರಿ ಬಿದ್ದವು. ಒಂದು ಸರಿಯಾಗಿ ಒಂದು ಸ್ಕೂಟರಿನ ಕಾಲಿಡುವ ಜಾಗದಲ್ಲಿ ಬಿತ್ತು. ಸ್ಕೂಟರಿನವನು ಮೇಲೆ ನೋಡಿದ, ಹೋಳಿಗೆ ನೋಡಿದ, ಕೈಮುಗಿದು ಎತ್ತಿಕೊಂಡು ಹೋದ. ನಾನು ಅಂದು ರೇಗಿದ್ದೆ. ಹೊಸ ಚಾದರಕ್ಕೆ ಎಣ್ಣೆಯ ಕಲೆ ಬಿದ್ದರೆ ನಾನೇನು ವಾಪಸು ತೆಗೆದುಕೊಳ್ಳಲೇ?

ಅಕ್ಕಲಕೋಟಕ್ಕೆ ಗುರುವಾರ ಮಠಕ್ಕೆ ಹೋಗಿ ಬಂದರಂತೂ ನ್ಯಾಯಾಲಯವೇ ಕೂರುತ್ತಿತ್ತು. ಕಾಕಾ ಪೇಢೆಯ ಪೆಟ್ಟಿಗೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ಬರುತ್ತಿದ್ದರು. "ಪ್ರಸಾದಕ ಡ್ಯೂಟಿ ಇಲ್ಲ!"

"ಪ್ರಸಾದ ಅಂದರ ಚಿಟಿಕಿ," ಎನ್ನುತ್ತಿದ್ದರು ಕಾಕು. "ಪೆಟಗಿ ಅಲ್ಲ."

ಒಮ್ಮೆ ಇಬ್ಬರೂ ನನ್ನ ಗಲ್ಲೆಯ ಮುಂದೆ ಬಂದು ನಿಂತರು. ನಾನು ಎರಡೂ ಕಡೆ ಕೇಳಿ ಚಿಟಿಕೆಯೆಂದೇ ತೀರ್ಪು ಕೊಟ್ಟೆ. ಉಳಿದ ಪೇಢೆ ಓಣಿಗೆ ಹಂಚಲಾಯಿತು. ನ್ಯಾಯಾಧೀಶರಿಗೆ ಕಾಕು ಶೇಂಗಾ ಚಟ್ನಿ ಕೊಡುತ್ತಾರೆ, ಈ ತೀರ್ಪು ನಡೆಯುವುದಿಲ್ಲ, ಎಂದು ಕಾಕಾ ಬೀದಿಗೆಲ್ಲ ಕೇಳುವಂತೆ ಕೂಗಿದರು. ಚಟ್ನಿಯ ಮಾತು ನಿಜವೇ ಆಗಿತ್ತು. ತೀರ್ಪು ಮಾತ್ರ ಅದರಿಂದ ಬಂದದ್ದಲ್ಲ.

ಇದೆಲ್ಲ ನಗೆಯಾಗಿಯೇ ಇರುತ್ತಿತ್ತು, ಕಣ್ಣು ಕೈಕೊಡದಿದ್ದರೆ. ಕಾಕಾನಿಗೆ ಎರಡೂ ಕಣ್ಣಿಗೆ ಪೊರೆ ಬಂತು. ಅಂಗಡಿಯ ಬಾಗಿಲಲ್ಲಿ ತೂಗುಹಾಕಿದ್ದ ಚಾದರಕ್ಕೆ "ಯಾರಪಾ ಅಡ್ಡ ನಿಂತೀದಿ? ಸರಿ ಅತ್ತಾಗ," ಎಂದು ಗದರಿದರು. ಅದು ಸರಿಯದಿದ್ದಾಗ ಮರಾಠಿಯಲ್ಲಿ ಗದರಿದರು. ಆಪರೇಶನ್ ಮಾಡಬಹುದು, ಆದರೆ ಸಕ್ಕರೆ ಇಳಿದರೆ ಮಾತ್ರ, ಎಂದರು ಡಾಕ್ಟರು. ಸಕ್ಕರೆ ಇಳಿಯಲಿಲ್ಲ. ಕಾಕುವಿಗೆ ಸಿಗದ ಕಳ್ಳದಾರಿಯೊಂದು ಎಲ್ಲೋ ಇತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಫೋನು ಬಂತು. ಮೇಲೆ ರೇಂಜ್ ಸಿಗುವುದಿಲ್ಲವೆಂದು ಕಾಕಾ ನನ್ನ ಅಂಗಡಿಯಲ್ಲಿ ಕೂತೇ, ಸ್ಪೀಕರ್ ಹಾಕಿಕೊಂಡೇ ಮಾತಾಡುವವರು. ಆ ಕಡೆ ಇದ್ದದ್ದು ಅದೇ ಜಹಾಜಿನ ಹಳೆಯ ಸಾರಂಗ, ಖಲಾಸಿಗಳ ಮುಖ್ಯಸ್ಥ, ಕೊಂಕಣದವರು. ಮರಾಠಿಯಲ್ಲಿ ಹೇಳಿದ್ದಿಷ್ಟು: ನಮ್ಮ ಬೋಟು ಮುರಿಯಲು ಹೋಗಿದೆ. ಮುಂಬಯಿಯ ಒಂದು ಭಂಗಾರದ, ಅಂದರೆ ಗುಜರಿ ಕಬ್ಬಿಣದ, ಅಂಗಳದಲ್ಲಿ ನಿಂತಿದೆ. ಸರ್ಚ್‌ಲೈಟ್ ಆಗಲೇ ಬಿಚ್ಚಿ ಮಾರಿದ್ದಾರೆ. ದೀಪಾವಳಿ ಕಳೆದ ಮೇಲೆ ಕತ್ತರಿಸುತ್ತಾರೆ.

"ಲೈಟ್ ಬಿಚ್ಚಿದರೇನು?" ಕಾಕಾ ಎದ್ದು ನಿಂತರು. "ಅದರ ಕೆಳಗಿನ ತಗಡು? ದುಂಡನೆಯ ತಗಡು?"

ಅದು ಇನ್ನೂ ಇದೆ, ಎಂದಿತು ಫೋನು.

ಕಾಕಾ ಫೋನಿಟ್ಟರು. ನಾನು ಚಹಾ ತರಿಸಿದೆ. ಮುಟ್ಟಲಿಲ್ಲ. "ಅವ್ವಾ," ಎಂದರು, "ಆ ಜಹಾಜ ನಾ ನೋಡಬೇಕು. ಅಕೀನ್ನೂ ಕರಕೊಂಡ ಹೋಗಬೇಕು. ಕಣ್ಣಿಲ್ಲದ ಹ್ವಾದರ ಏನ ನೋಡ್ಲಿ?"

ಮರುದಿನ ನಡೆದದ್ದನ್ನು ನಮ್ಮ ಓಣಿ ಇನ್ನೂ ಆಡಿಕೊಳ್ಳುತ್ತದೆ. ಕಾಕಾ ಶರಣಾದರು. ಗಡಿಯಾರದ ಹಿಂದಿನಿಂದ, ಹಳೆಯ ಟ್ರಾನ್ಸಿಸ್ಟರಿನ ಹೊಟ್ಟೆಯಿಂದ, ಕ್ಯಾಲೆಂಡರಿನ ಬೆನ್ನಿಗೆ ಅಂಟಿಸಿದ್ದ ಲಕೋಟೆಯಿಂದ ಹೋಳಿಗೆ, ಪೇಢೆ, ಬೆಲ್ಲದ ಚೂರು ತಂದು ಮೆಟ್ಟಿಲ ಮೇಲೆ ಸಾಲಾಗಿ ಇಟ್ಟರು. ಕಾಕು ಅದನ್ನು ನೋಡಿ ನಗಬೇಕಿತ್ತು, ಇಲ್ಲವೇ ಬೈಯಬೇಕಿತ್ತು. ಎರಡೂ ಮಾಡದೆ ಓಡಿಬಂದು ನನ್ನ ಕೈ ಹಿಡಿದರು.

"ಅವ್ವಾ, ಇವರಿಗಿ ಏನೋ ಆಗೈತಿ. ಡಾಕ್ಟರಗ ಫೋನ ಮಾಡು. ತಾವಾಗೇ ಕೊಡಾಕತ್ತಾರ!"

ಅಂದಿನಿಂದ ಕಾಕಾ ಜೋಳದ ರೊಟ್ಟಿ, ಮೆಂತ್ಯದ ಪಲ್ಲೆ ಬಿಟ್ಟು ಬೇರೆ ಮುಟ್ಟಲಿಲ್ಲ. ಕಾಕು ಮೊದಮೊದಲು ದಿನಕ್ಕೆರಡು ಬಾರಿ ಝಡತಿ ಮಾಡಿದರು. ಕಿಸೆಯಲ್ಲಿ ಕರವಸ್ತ್ರ ಮಾತ್ರ ಸಿಕ್ಕಿತು. ಸಿಕ್ಕದ ಮಾಲಿಗಾಗಿ ಅವರ ಮುಖ ಸಣ್ಣದಾಯಿತು. ಸಕ್ಕರೆ ಇಳಿಯಿತು. ಆಪರೇಶನ್ ಆಯಿತು. ಕಪ್ಪು ಕನ್ನಡಕ ಹಾಕಿಕೊಂಡು ಕೆಳಗಿಳಿದ ಕಾಕಾ ನನ್ನನ್ನು ನೋಡಿ, "ಏನವ್ವಾ, ಕೂದಲಾ ಬೆಳ್ಳಗಾಗ್ಯಾವಲ್ಲ," ಎಂದರು. ಕಣ್ಣು ಬಂದದ್ದು ಖಾತ್ರಿಯಾಯಿತು.

ದೀಪಾವಳಿಯ ಮರುವಾರ ಮೂವರೂ ಮುಂಬಯಿ ಗಾಡಿ ಹತ್ತಿದೆವು. ನನಗೆ ಅಲ್ಲಿ ವ್ಯಾಪಾರದ ಕೆಲಸವಿತ್ತು. ಇಲ್ಲದಿದ್ದರೂ ಹೋಗುತ್ತಿದ್ದೆ ಅನ್ನಿ. ಎದುರಿನ ಸೀಟಿನವರು ಕೇಳಿದ್ದಕ್ಕೆ ಕಾಕಾ ಹೊಡೆದಾಟದ ಕಥೆ ಶುರುಮಾಡಿದರು. ಕುರ್ಡುವಾಡಿಯಲ್ಲಿ ಹನ್ನೆರಡು ಕಳ್ಳರಿದ್ದರು. ಪುಣೆಯಲ್ಲಿ ಹೊಸಬರು ಹತ್ತಿ ಮತ್ತೆ ಕೇಳಿದರು. ಕಳ್ಳರು ಆರು ಮಂದಿಯಾದರು. ಘಟ್ಟ ಇಳಿಯುವಾಗ ಮೂವರು, ಕತ್ತಿಯಿಲ್ಲ. ಕಲ್ಯಾಣದ ಹತ್ತಿರ, "ಭಾಳ ಏನಿಲ್ರಿ, ಒಬ್ಬಾಂವ ಇದ್ದ, ಅವನೂ ಬಡಕ," ಎಂದರು. ದಾದರ್ ಬರುವಷ್ಟರಲ್ಲಿ ಕಾಕಾ ನಿದ್ದೆ ಬಂದವರಂತೆ ಕಣ್ಣು ಮುಚ್ಚಿಕೊಂಡಿದ್ದರು. ಕಾಕು ಅವರನ್ನೇ ನೋಡುತ್ತಿದ್ದರು.

ಸಾರಂಗರು ನಮ್ಮನ್ನು ಟ್ಯಾಕ್ಸಿಯಲ್ಲಿ ಕರೆದೊಯ್ದರು. ಮೊದಲ ಬಾರಿ ಸಮುದ್ರ ಕಂಡ ಕಾಕು ಸೆರಗು ತಲೆಯ ಮೇಲೆ ಎಳೆದುಕೊಂಡು ಒಂದು ನಿಮಿಷ ನಿಂತರು. ಏನೋ ದೊಡ್ಡ ಮಾತು ಬರುತ್ತದೆಂದು ಕಾಕಾ ಕಾದರು.

"ಇಷ್ಟ ನೀರೈತಿ," ಎಂದರು ಕಾಕು. "ಮತ್ತ ನಮ್ಮ ನಳಕ ಬರಾಕ ಏನ ಧಾಡಿ?"

ಜಹಾಜು ಕೆಸರಿನಲ್ಲಿ ಓರೆಯಾಗಿ ನಿಂತಿತ್ತು. ಬಿಳಿ ಬಣ್ಣ ಚಕ್ಕೆಯೆದ್ದು ಒಳಗಿನ ಬೂದು ಬಣ್ಣ ಹೊರಬಿದ್ದಿತ್ತು. ನಮ್ಮ ಓಣಿಯಷ್ಟು ಉದ್ದವೇನೂ ಇರಲಿಲ್ಲ. ಹಿಟ್ಟಿನ ಗಿರಣಿಯ ಹತ್ತಿರಕ್ಕೇ ಮುಗಿದುಬಿಡುತ್ತಿತ್ತು. ಆದರೂ ಕಾಕಾ ಅದರ ಮುಂದೆ ನಿಂತು ಸೆಲ್ಯೂಟ್ ಹೊಡೆದರು. ಅಷ್ಟು ವರ್ಷ ಆ ಮನುಷ್ಯನನ್ನು ಹೊತ್ತು ತಿರುಗಿ, ಜೀವಂತ ಮನೆಗೆ ಕಳಿಸಿದ ಕಬ್ಬಿಣ ಅದು.

ಆ ಅಂಗಳದವರಿಗೆ ಸಾರಂಗರು ಮೊದಲೇ ಹೇಳಿಟ್ಟಿದ್ದರು. ಏಣಿ ಹಾಕಿಕೊಟ್ಟರು. ಕಾಕಾ ನೇರ ಮುಂದಿನ ಡೆಕ್ಕಿಗೆ ನಡೆದರು. ಅಲ್ಲೊಂದು ದುಂಡನೆಯ ದಪ್ಪ ತಗಡು ಬೋಲ್ಟುಗಳಿಂದ ಬಿಗಿದು ಕೂತಿತ್ತು. ಪದರು ಪದರು ಬಣ್ಣ ಬಳಿದು ಬೋಲ್ಟಿನ ಗುರುತೇ ಅಳಿಸಿತ್ತು. "ಇದನ್ನ ತೆಗೀರಿ," ಎಂದರು ಕಾಕಾ. ಗ್ಯಾಸಿನ ಬೆಂಕಿಯಿಂದ ಕಬ್ಬಿಣ ಕತ್ತರಿಸುವವನೊಬ್ಬ ಬಂದು ಬೋಲ್ಟುಗಳನ್ನು ಕತ್ತರಿಸಿದ. ತಗಡು ಎತ್ತಿದರು. ಕೆಳಗೆ ಒಂದು ಕತ್ತಲ ಕುಳಿ. ಮೊದಲು ತೋಪು ಊರಿದ್ದ ಕುಳಿ ಅದು.

ಕಾಕಾ ಬಗ್ಗಲು ಹೋದರು. ಕಣ್ಣಿನ ಆಪರೇಶನ್ ಆದವರು ಬಗ್ಗಬಾರದೆಂದು ಡಾಕ್ಟರು ಹೇಳಿದ್ದರು. ಕಾಕು ಅವರನ್ನು ತೋಳು ಹಿಡಿದು ಹಿಂದಕ್ಕೆ ಸರಿಸಿದರು. ತಾವೇ ಮೊಣಕಾಲೂರಿ ಕೂತು, ಬಳೆ ಮೇಲೇರಿಸಿ, ಭುಜದ ತನಕ ಕೈ ಒಳಗೆ ಬಿಟ್ಟರು. ಮೆಟ್ಟಿಲ ತುದಿಯಲ್ಲಿ ಕೂತು ಅಷ್ಟು ಝಡತಿ ಮಾಡಿದ ಕೈ ಅದು. ತುಕ್ಕು ಬಂತು. ಹಳೆಯ ಚಿಂದಿ ಬಂತು. ಆಮೇಲೆ ಕೈ ನಿಂತಿತು.

ಹೊರಬಂದದ್ದು ಹಸಿರುಗಟ್ಟಿದ ಹಿತ್ತಾಳೆಯ ಡಬ್ಬಿ. ಕಾಕು ಸೆರಗಿನಿಂದ ಉಜ್ಜಿದರು. ಮೊದಲು "ಕುರನೂರ" ಕಂಡಿತು. ಆಮೇಲೆ ಅವರ ತಾಯಿಯ ಹೆಸರು.

 ಕಾಕಾ ಟೋಪಿ ತೆಗೆದು ಕೈಯಲ್ಲಿ ಹಿಡಿದರು.

"ಉಳದಾವ್ರಿಗಿ ಹಂಚಬೇಕಾಗತೈತಿ ಅಂತ ಇದರಾಗ ಮುಚ್ಚಿಟ್ಟಿದ್ನಿ," ಎಂದರು. "ಆಗಿನ್ನೂ ಗೋದಿಯೊಳಗ, ರಿಪೇರಿ ಧಕ್ಕ್ಯಾಗ, ಜಹಾಜಿನ ಕೆಲಸಾ ನಡದಿತ್ತು. ಊಟಾ ಮಾಡಿ ಬರೂದ್ರಾಗ ತಗಡ ಜಡದು, ಬಣ್ಣಾ ಬಳದು, ಮ್ಯಾಲ ಲೈಟ್ ಕೂರ್ಸಿದ್ರು. ಹೊಸಾ ನೌಕರಿ. ಹೋಳಗಿ ಸಲುವಾಗಿ ಸರಕಾರದ ಲೈಟ್ ಬಿಚ್ರಿ ಅಂತ ಹೆಂಗ ಹೇಳಲಿ? ನಿನಗರೆ ಏನಂತ ಹೇಳಲಿ? ನಿಮ್ಮವ್ವ ಹ್ವಾದಮ್ಯಾಲ ಬಾಯೇ ಬರಲಿಲ್ಲ."

ಅಂದರೆ ಆ ಲೈಟು ಅಷ್ಟು ವರ್ಷ ಕಳ್ಳಮಾಲು ಹುಡುಕುತ್ತ ಸಮುದ್ರವನ್ನೆಲ್ಲ ಬೆಳಗಿತ್ತು. ಜಹಾಜಿನಲ್ಲಿದ್ದ ಒಂದೇ ಒಂದು ಕಳ್ಳಮಾಲು ಅದರ ಬುಡದಲ್ಲೇ ಇತ್ತು.

ಕಾಕು ಎದ್ದು ನಿಂತರು. ಮುಖ ನೋಡಲು ನನಗೆ ಹೆದರಿಕೆಯಾಯಿತು. ಅವರು ಕೈ ಚಾಚಿ ಗಂಡನ ಕೊರಳಲ್ಲಿದ್ದ ಸೀಟಿಯನ್ನು ಹಿಡಿದು ಎಳೆದರು. ಅದರ ಜೊತೆ ಕಾಕಾನ ಕುತ್ತಿಗೆಯೂ ಬಂತು. ಸೀಟಿ ಬಾಯಲ್ಲಿಟ್ಟು ಉಸಿರಿರುವಷ್ಟು ಊದಿದರು. ಅಂಗಳದಲ್ಲಿ ಕಬ್ಬಿಣ ಕತ್ತರಿಸುತ್ತಿದ್ದವರೆಲ್ಲ ಕೆಲಸ ನಿಲ್ಲಿಸಿ ನೋಡಿದರು.

"ಸಿಕ್ರು!" ಎಂದರು ಕಾಕು. ಎಂದವರೇ ಅತ್ತರು. ಅಳುತ್ತಲೇ ನಕ್ಕರು. ಸಾರಂಗರು ಗಂಭೀರವಾಗಿ ಹತ್ತಿರ ಬಂದು, ಈ ಬೋಟಿನ ಮೇಲೆ ಮಾಲು ಸಮೇತ ಸಿಕ್ಕಿಬಿದ್ದ ಮೊದಲ ಆಸಾಮಿ ನೀನೇ, ಎಂದು ಕಾಕಾನ ಬೆನ್ನು ತಟ್ಟಿದರು.

"ಶಿಕ್ಷಾ ಏನು?" ಕಾಕಾ ಕೇಳಿದರು. ನಿಜವಾಗಿ ಹೆದರಿದ್ದರು.

ಕಾಕು ಮೂಗೊರೆಸಿಕೊಂಡರು. "ಈ ಡಬ್ಬ್ಯಾಗ ನಾನ ಹೋಳಗಿ ಮಾಡಿ ಇಡತೀನ್ರಿ. ಹಬ್ಬಕ್ಕೊಮ್ಮಿ, ಅರ್ಧಾ. ನನ್ನ ಮುಂದ ಕುಂತು ತಿನ್ನೂದು. ಕದ್ದು ಅಲ್ಲ."

ಆ ಶಿಕ್ಷೆಯನ್ನು ಕಾಕಾ ಎರಡು ದೀಪಾವಳಿ ತಪ್ಪದೆ ಅನುಭವಿಸಿದರು. ಹೊಡೆದಾಟದ ಕಥೆ ನಿಂತಿತು. ಅದರ ಬದಲು, "ನಮ್ಮ ಜಹಾಜದಾಗ ಒಬ್ಬ ಕಳ್ಳನ್ನ ಹಿಡದ್ರು, ಯಾರ ಹಿಡದ್ರು ಗೊತ್ತೈತೇನು?" ಎಂದು ಶುರುಮಾಡಿ ಹೆಂಡತಿಯ ಕಡೆ ಬೆರಳು ಮಾಡುತ್ತಿದ್ದರು. ಹಿಡಿದವರ ಪರಾಕ್ರಮ ಹೇಳಿದಷ್ಟೂ ಏರುತ್ತಿತ್ತು. ಕಳೆದ ಬೇಸಿಗೆಯಲ್ಲಿ, ಮಧ್ಯಾಹ್ನ ಮಲಗಿದವರು ಏಳಲಿಲ್ಲ.

ಹೋದ ಗುರುವಾರ ಅಂಗಡಿಯಲ್ಲಿ ಗಿರಾಕಿಗೆ ಚಾದರ ಬಿಚ್ಚಿ ತೋರಿಸುತ್ತಿದ್ದೆ. ಮಾಳಿಗೆಯ ಮೇಲಿಂದ ಸೀಟಿ ಕೇಳಿತು. ಅದೇ ಉದ್ದನೆಯ ಸೀಟಿ. ಓಣಿಗೆ ಓಣಿಯೇ ಕೊಡ, ಬಕೀಟು ಹಿಡಿದು ಅಂಗಳಕ್ಕೆ ಓಡಿಬಂತು. ನಾನೂ ಚಾದರ ಬಿಟ್ಟು ಕೊಡ ಹಿಡಿದು ಓಡಿದೆ. ನಳ ತಿರುವಿದರೆ ಒಳಗಿಂದ ಗಾಳಿಯೂ ಬರಲಿಲ್ಲ.

ಕಾಕು ಮೆಟ್ಟಿಲಿಳಿದು ಬಂದರು. ಕೊರಳಲ್ಲಿ ಸೀಟಿ, ಕೈಯಲ್ಲಿ ಆ ಹಿತ್ತಾಳೆಯ ಡಬ್ಬಿ.

"ನೀರ ಬಂದಿಲ್ರಿ," ಎಂದರು. "ಭಾಳ ದಿನಾ ಆತು. ಊದಬೇಕನಸ್ತು."

ಬೇರೆ ದಿನವಾಗಿದ್ದರೆ, ಬೇರೆ ಯಾರಾದರೂ ಆಗಿದ್ದರೆ, ನೀರಿನ ವಿಷಯದಲ್ಲಿ ಸುಳ್ಳು ಸೀಟಿ ಹೊಡೆದವರನ್ನು ನಮ್ಮ ಓಣಿ ಜೀವಸಹಿತ ಬಿಡುತ್ತಿರಲಿಲ್ಲ. ಅಂದು ಎಲ್ಲರೂ ಖಾಲಿ ಕೊಡ ಹಿಡಿದು ಹಾಗೆಯೇ ನಿಂತಿದ್ದರು. ಕಾಕು ಡಬ್ಬಿ ತೆರೆದು ಒಬ್ಬೊಬ್ಬರಿಗೂ ಕೊಡುತ್ತ ಬಂದರು. ಎಲ್ಲ ಅರ್ಧ ಅರ್ಧ ಮುರಿದೇ ಇಟ್ಟ ಹೋಳಿಗೆ. ನನ್ನ ಎರಡೂ ಕೈ ಕೊಡದ ಮೇಲಿದ್ದವು. ಕೊಡವನ್ನೇ ಮುಂದೆ ಹಿಡಿದೆ. ಕಾಕು ಅದರೊಳಗೆ ಅರ್ಧ ಹೋಳಿಗೆ ಹಾಕಿದರು.